ನಾಲ್ಕು ಸಾಲಿನ ಜಾಹೀರಾತು

(ಸಿಂಧಘಟ್ಟದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ವಿದ್ಯೆಯ ಮಹತ್ವದ ಬಗ್ಗೆ ನನಗಿಂತ ಮುಂಚೆ ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಒಂದು ಸಣ್ಣ ವಿಷಯ ಎತ್ತಿಕೊಳ್ಳುತ್ತೇನೆ. ನಿಮ್ಮಲ್ಲಿ ಪತ್ರಿಕೆ ಓದುವವರು ಎಷ್ಟು ಮಂದಿ? ಕೈ ಎತ್ತಿದವರಲ್ಲಿ ಹೆಚ್ಚಿನವರು ಮೊದಲ ಪುಟ ನೋಡುತ್ತೀರಿ, ಹುಡುಗರು ಕ್ರಿಕೆಟ್ ಪುಟ ನೋಡುತ್ತೀರಿ. ಒಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಬೇಕಾಗಿದ್ದಾರೆ’, ‘ಬಾಡಿಗೆಗಿದೆ’, ‘ಮಾರಾಟಕ್ಕಿದೆ’ ಎಂದು ಬರುವ ವರ್ಗೀಕೃತ ಜಾಹೀರಾತುಗಳನ್ನು ಯಾರೂ ಓದುವುದಿಲ್ಲ. ಇವತ್ತು ಆ ನಾಲ್ಕು ಸಾಲುಗಳ ಬಗ್ಗೆ ಮಾತನಾಡೋಣ.

ಈ ಊರಿನಿಂದ ಕೆ.ಆರ್. ಪೇಟೆಗೆ, ಅಲ್ಲಿಂದ ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಓದಲು ಅಥವಾ ದುಡಿಯಲು ಹೋಗುವ ಹುಡುಗನಿಗೆ ಮೂರು ವಸ್ತು ಬೇಕು. ಒಂದು ಕೆಲಸ, ಒಂದು ಕೋಣೆ, ಓಡಾಡಲು ಒಂದು ಹಳೆಯ ಸೈಕಲ್ಲೋ ಬೈಕೋ. ದೊಡ್ಡ ಮನೆತನದವರ ಮಗನಿಗೆ ಈ ಮೂರನ್ನೂ ಅವನ ಚಿಕ್ಕಪ್ಪನೋ ಮಾವನೋ ಒಂದು ಫೋನಿನಲ್ಲಿ ಮಾಡಿಕೊಡುತ್ತಾನೆ. ನಮ್ಮ ಮಕ್ಕಳಿಗೆ ಅಂಥ ಮಾವಂದಿರು ಕಡಿಮೆ. ಪರಿಚಯವಿಲ್ಲದವನಿಗೆ ಪರಿಚಯ ಮಾಡಿಕೊಡುವುದೇ ಈ ನಾಲ್ಕು ಸಾಲು. ಅದಕ್ಕೇ ಇದು ಸಣ್ಣ ವಿಷಯವಲ್ಲ ಎನ್ನುತ್ತೇನೆ.

ಇದರ ಇತಿಹಾಸವೂ ಹಳೆಯದು. ಭಾರತದಲ್ಲಿ ಅಚ್ಚಾದ ಮೊದಲ ಪತ್ರಿಕೆ 1780ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಹಿಕಿ ಎಂಬುವವನು ಹೊರಡಿಸಿದ ಬೆಂಗಾಲ್ ಗೆಜೆಟ್. ಅದರ ಇನ್ನೊಂದು ಹೆಸರೇ ‘ಕಲ್ಕತ್ತಾ ಜನರಲ್ ಅಡ್ವರ್ಟೈಸರ್’. ಅಂದರೆ ಪತ್ರಿಕೆಯ ಹೆಸರಿನೊಳಗೇ ಜಾಹೀರಾತು ಕುಳಿತಿತ್ತು. ಲಂಡನ್ನಿನ ಟೈಮ್ಸ್ ಪತ್ರಿಕೆಯ ಮೊದಲ ಪುಟ 1966ರ ಮೇ ತಿಂಗಳವರೆಗೂ ಸಣ್ಣ ಜಾಹೀರಾತುಗಳಿಗೇ ಮೀಸಲಾಗಿತ್ತು, ಸುದ್ದಿ ಒಳಪುಟಗಳಲ್ಲಿ ಇರುತ್ತಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಂತು. ನಮ್ಮ ಭಾಗಕ್ಕೆ ಹತ್ತಿರದ ಮೈಸೂರಿನಲ್ಲಿ ‘ಆಂದೋಲನ’, ‘ಮೈಸೂರು ಮಿತ್ರ’, ‘ಸ್ಟಾರ್ ಆಫ್ ಮೈಸೂರ್’ ಮುಂತಾದ ಪತ್ರಿಕೆಗಳು ಬೆಳೆದವು. ಕೋಣೆ ಹುಡುಕುವ ವಿದ್ಯಾರ್ಥಿಗೂ, ಗುಮಾಸ್ತನನ್ನು ಹುಡುಕುವ ಅಂಗಡಿಯವನಿಗೂ ಇಂಥ ಊರ ಪತ್ರಿಕೆಗಳೇ ಸೇತುವೆಯಾದವು.

ಜಾಹೀರಾತು ಎಂಬುದು ಬರೀ ವ್ಯಾಪಾರದ ಮಾತಲ್ಲ, ಅದು ನ್ಯಾಯದ ಮಾತು ಕೂಡ. 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆ. ಸರ್ಕಾರಿ ಹುದ್ದೆಯನ್ನು ಬಹಿರಂಗವಾಗಿ ಪ್ರಕಟಿಸಿ, ಅರ್ಹರೆಲ್ಲರಿಗೂ ಸ್ಪರ್ಧಿಸಲು ಅವಕಾಶ ಕೊಟ್ಟು ತುಂಬಬೇಕೇ ಹೊರತು ಹಿಂಬಾಗಿಲಿನಿಂದ ಅಲ್ಲ ಎಂಬುದು ಅದರ ಸಾರ. ಯೋಚಿಸಿ ನೋಡಿ. ಪ್ರಕಟಣೆ ಇಲ್ಲದ ಹುದ್ದೆ ಶಿಫಾರಸು ಇರುವವನ ಪಾಲಾಗುತ್ತದೆ. ಪ್ರಕಟಣೆ ಬಂದ ದಿನ ಸಿಂಧಘಟ್ಟದ ಹುಡುಗಿಗೂ ಬೆಂಗಳೂರಿನ ಹುಡುಗಿಗೂ ಒಂದೇ ಕೊನೆಯ ದಿನಾಂಕ. ಆದರೆ ಅದನ್ನು ಓದಿದವರಿಗೆ ಮಾತ್ರ! ಕೇಂದ್ರ ಸರ್ಕಾರದ ‘ಎಂಪ್ಲಾಯ್‌ಮೆಂಟ್ ನ್ಯೂಸ್’ ವಾರಪತ್ರಿಕೆ 1976ರಲ್ಲಿ ಆರಂಭವಾಯಿತು. ಇಂಗ್ಲಿಷ್, ಹಿಂದಿಯ ಜೊತೆ ಉರ್ದುವಿನಲ್ಲೂ ಅದನ್ನು ತಂದರು. ಉರ್ದು ಕಲಿತರೆ ಏನು ಉಪಯೋಗ ಎಂದು ಕೇಳುವವರಿಗೆ ಇದೊಂದು ಉತ್ತರ.

ಇನ್ನು ಖಾಸಗಿ ಕೆಲಸದ ಜಾಹೀರಾತು. ಇಲ್ಲೊಂದು ಕಹಿ ಸತ್ಯವನ್ನು ಮುಚ್ಚಿಡದೆ ಹೇಳಬೇಕು. ಸುಖದೇವ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬ ವಿದ್ವಾಂಸರು ಒಂದು ಪರೀಕ್ಷೆ ಮಾಡಿದರು. 2005ರ ಅಕ್ಟೋಬರ್‌ನಿಂದ 66 ವಾರಗಳ ಕಾಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಒಂದೇ ಮಟ್ಟದ ವಿದ್ಯಾರ್ಹತೆ, ಒಂದೇ ಮಟ್ಟದ ಅನುಭವ. ಹೆಸರು ಮಾತ್ರ ಬೇರೆ: ಒಂದು ಮೇಲ್ಜಾತಿ ಹಿಂದೂ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಈ ಅಧ್ಯಯನ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟವಾಯಿತು.

ಇದನ್ನು ಕೇಳಿ ‘ಹಾಗಾದರೆ ಅರ್ಜಿ ಹಾಕಿ ಏನು ಪ್ರಯೋಜನ?’ ಎಂದು ಕುಳಿತುಬಿಡಬೇಡಿ. ನಾನು ಈ ಅಂಕಿ ಹೇಳಿದ್ದು ಎರಡು ಕಾರಣಕ್ಕೆ. ಮೊದಲನೆಯದು, ಹತ್ತು ಅರ್ಜಿ ಹಾಕಿ ಉತ್ತರ ಬಾರದ ಮಗನನ್ನು ‘ನೀನು ದಡ್ಡ’ ಎಂದು ಮನೆಯವರು ಹೀಯಾಳಿಸಬಾರದು. ತಪ್ಪು ಅವನದೇ ಆಗಿರಬೇಕೆಂದಿಲ್ಲ. ಎರಡನೆಯದು, ಬೇರೆಯವನು ಹತ್ತು ಅರ್ಜಿ ಹಾಕುವಲ್ಲಿ ನೀವು ಮೂವತ್ತು ಹಾಕಬೇಕು, ಮತ್ತು ಒಂದೊಂದನ್ನೂ ಅಚ್ಚುಕಟ್ಟಾಗಿ ಹಾಕಬೇಕು. ಬಾಗಿಲು ಕಿರಿದಾಗಿದೆ, ಮುಚ್ಚಿಲ್ಲ.

ಅಚ್ಚುಕಟ್ಟು ಎಂದರೆ ಏನು? ಜಾಹೀರಾತಿಗೆ ಪದದ ಲೆಕ್ಕದಲ್ಲೋ ಸಾಲಿನ ಲೆಕ್ಕದಲ್ಲೋ ಹಣ ಕೊಡಬೇಕು. ಆದ್ದರಿಂದ ಅದರಲ್ಲಿರುವ ಪ್ರತಿ ಪದಕ್ಕೂ ಅರ್ಥವಿದೆ. ‘ಟ್ಯಾಲಿ ಬಲ್ಲವರು’ ಎಂದಿದ್ದರೆ ನಿಮ್ಮ ಅರ್ಜಿಯ ಮೊದಲ ವಾಕ್ಯದಲ್ಲೇ ಟ್ಯಾಲಿ ಬರಬೇಕು. ‘ಖುದ್ದು ಭೇಟಿ ಮಾಡಿ’ ಎಂದಿದ್ದರೆ ಫೋನ್ ಮಾಡಿ ಕಾಲ ಕಳೆಯಬೇಡಿ, ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಬೆಳಗ್ಗೆಯೇ ಹೋಗಿ. ಇನ್ನೊಂದು ಮಾತು ಪೋಷಕರಿಗೆ. ಅದೇ ಪುಟದಲ್ಲಿ ‘ಹೆಸರು ಬದಲಾವಣೆ’ ಎಂಬ ಪ್ರಕಟಣೆಗಳು ಬರುತ್ತವೆ, ನೋಡಿ. ಒಂದು ದಾಖಲೆಯಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಎಂ.ಡಿ., ಮತ್ತೊಂದರಲ್ಲಿ ಮಹಮದ್ ಆದರೆ ಕೆಲಸ ಸಿಕ್ಕ ಮೇಲೂ ದಾಖಲಾತಿ ಪರಿಶೀಲನೆಯಲ್ಲಿ ತಡೆ ಬೀಳುತ್ತದೆ. ಆಗ ನೋಟರಿ, ಅಫಿಡವಿಟ್, ಪತ್ರಿಕೆ ಪ್ರಕಟಣೆ ಎಂದು ಅಲೆಯಬೇಕು. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ದಿನವೇ ಶಾಲೆಗೆ ಬಂದು ಅಕ್ಷರ ಅಕ್ಷರ ಹೋಲಿಸಿ ನೋಡಿದರೆ ಈ ಖರ್ಚು ಉಳಿಯುತ್ತದೆ.

ಮೋಸದ ಜಾಹೀರಾತನ್ನು ಗುರುತಿಸುವುದೂ ಒಂದು ವಿದ್ಯೆ. ಕೆಲಸ ಕೊಡುವವನು ನಿಮಗೆ ಹಣ ಕೊಡಬೇಕು. ಅವನೇ ನಿಮ್ಮಿಂದ ನೋಂದಣಿ ಶುಲ್ಕ, ಕಿಟ್ ಶುಲ್ಕ, ತರಬೇತಿ ಠೇವಣಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಕೊಲ್ಲಿ ದೇಶಗಳ ಕೆಲಸದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಅವನು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂದು ಮಿತಿ ಹಾಕಲಾಗಿದೆ. ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್ ಜಾಲತಾಣದಲ್ಲಿ ತಾಳೆ ನೋಡಿ. ತಾಯಿಯ ಬಳೆ ಅಡವಿಡುವ ಮುಂಚೆ ಈ ಐದು ನಿಮಿಷದ ಕೆಲಸ ಮಾಡಿ.

ಎರಡನೆಯದು ಕೋಣೆ. ನನ್ನ ಅಕ್ಕನ ಮಗ ಮೈಸೂರಿಗೆ ಓದಲು ಹೋದಾಗ ಪತ್ರಿಕೆ ನೋಡಿ ಒಂದು ನಂಬರಿಗೆ ಫೋನ್ ಮಾಡಿದ. ‘ಮನೆ ಖಾಲಿ ಇದೆ, ಸಂಜೆ ಬನ್ನಿ’ ಎಂದರು. ‘ನಿಮ್ಮ ಹೆಸರು?’ ಎಂದು ಕೇಳಿದರು. ಹೇಳಿದ. ಒಂದು ಗಳಿಗೆ ಸುಮ್ಮನಿದ್ದು, ‘ಅಯ್ಯೋ, ಈಗ ತಾನೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದರು’ ಎಂದರು. ಮುಂದಿನ ವಾರ ಅದೇ ಜಾಹೀರಾತು ಮತ್ತೆ ಬಂತು. ಹೀಗೆ ಆರು ಕಡೆ ಆಯಿತು. ದೆಹಲಿ ಮತ್ತು ಸುತ್ತಲಿನ ಊರುಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲೂ ಇಂಥದೇ ಅನುಭವ ದಾಖಲಾಗಿದೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಎರಡು ಪದ ಎಷ್ಟು ಜನರನ್ನು ಹೊರಗಿಡುತ್ತದೆಂದು ಆ ಹುಡುಗ ಲೆಕ್ಕ ಹಾಕುತ್ತಿದ್ದ.

ಏಳನೆಯ ಕಡೆ ಒಬ್ಬ ವಯಸ್ಸಾದ ತಾಯಿ ಹೆಸರು ಕೇಳಿದ ಮೇಲೂ ‘ಬಾರಪ್ಪ, ನೋಡು’ ಎಂದರು. ನಮ್ಮ ಮತದವರಲ್ಲ. ಮೂರು ವರ್ಷ ಅಲ್ಲೇ ಇದ್ದ. ಐದನೇ ತಾರೀಖು ದಾಟಿಸದೆ ಬಾಡಿಗೆ ಕೊಟ್ಟ, ಅವರ ಔಷಧಿ ತಂದುಕೊಟ್ಟ, ಬಿಟ್ಟು ಬರುವಾಗ ಗೋಡೆಗೆ ಸುಣ್ಣ ಹೊಡೆಸಿ ಬಂದ. ಆಮೇಲೆ ಆ ತಾಯಿ ಪತ್ರಿಕೆಗೆ ಜಾಹೀರಾತು ಕೊಡಲಿಲ್ಲ. ಅವನಿಗೇ ಫೋನ್ ಮಾಡಿ, ‘ನಿಮ್ಮೂರಿಂದ ಓದೋಕೆ ಬರೋ ಹುಡುಗ ಇದ್ರೆ ಕಳಿಸಪ್ಪ’ ಎಂದರು. ನೀವು ಇರುವ ಕೋಣೆ ನಿಮ್ಮ ಹಿಂದೆ ಬರುವವನಿಗೂ ಸೇರಿದ್ದು ಎಂಬುದನ್ನು ಮರೆಯಬೇಡಿ.

ಅಡ್ವಾನ್ಸ್ ಕೊಟ್ಟರೆ ರಸೀದಿ ಪಡೆಯಿರಿ, ಕರಾರು ಪತ್ರ ಬರೆಸಿ. ‘ಮಾತಿನ ಮೇಲೆ ನಂಬಿಕೆ’ ಎನ್ನುವವರಿಗೆ ಒಂದು ವಿಷಯ ನೆನಪಿಸುತ್ತೇನೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವುದರ ಬಗ್ಗೆ ಇದೆ ಗೊತ್ತೇ? ಸೂರಃ ಅಲ್ ಬಕರಃದ 282ನೇ ಆಯತ್ ಅದು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬುದನ್ನು ಅದು ಕಲಿಸುತ್ತದೆ. ಬರೆದಿಡುವುದು ಅಪನಂಬಿಕೆಯಲ್ಲ, ಅದು ದೀನ್‌ನ ಪಾಠ.

ಮೂರನೆಯದು ಹಳೆಯ ಸಾಮಾನು. ‘ಸಿಂಗಲ್ ಓನರ್, ಗುಡ್ ಕಂಡಿಷನ್’ ಎಂದು ಎಲ್ಲರೂ ಬರೆಯುತ್ತಾರೆ. ಬೈಕ್ ಕೊಳ್ಳುವಾಗ ಆರ್.ಸಿ. ಪುಸ್ತಕದಲ್ಲಿರುವ ಹೆಸರು ಮಾರುವವನದೇ ಎಂದು ನೋಡಿ, ಚಾಸಿ ನಂಬರ್ ಹೋಲಿಸಿ, ಬ್ಯಾಂಕ್ ಸಾಲವಿದ್ದರೆ ತೀರಿದ ಪತ್ರ ಕೇಳಿ. ಮಾರುವವರಿಗೂ ಎಚ್ಚರ ಬೇಕು. ನಮೂನೆ 29 ಮತ್ತು 30 ತುಂಬಿ ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿಗೆ ನೀವೇ ಮಾಲೀಕರು. ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಈಗ ಇಂಥ ವ್ಯಾಪಾರವೆಲ್ಲ ಮೊಬೈಲಿಗೆ ಬಂದಿದೆ. ಅಲ್ಲಿ ಹಣ ‘ಪಡೆಯಲು’ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅವನು ಕಳ್ಳ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಮೋಸ ಹೋದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ.

ಇಷ್ಟು ಹೊತ್ತು ಬೇರೆಯವರು ನಮಗೆ ಹೇಗೆ ಅಳೆಯುತ್ತಾರೆ ಎಂದು ಹೇಳಿದೆ. ಈಗ ನಮ್ಮ ಅಳತೆಯನ್ನು ನೋಡಿಕೊಳ್ಳೋಣ. ಪ್ರವಾದಿ ಮುಹಮ್ಮದ್ (ಸ) ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂಬ ಅರ್ಥದ ಮಾತು ಹೇಳಿದರು. ಹಳೆಯ ಫ್ರಿಜ್ ಮಾರುವಾಗ ಗ್ಯಾಸ್ ಸೋರುವುದನ್ನು ಹೇಳದಿದ್ದರೆ ನಮ್ಮ ರಾಶಿಯೂ ಒಳಗೆ ಒದ್ದೆಯೇ. ಕೆಲಸದವನ ಬೆವರು ಆರುವ ಮುಂಚೆ ಕೂಲಿ ಕೊಡಿ ಎಂಬ ಬೋಧನೆ ನಮಗೆ ಬಾಯಿಪಾಠವಾಗಿದೆ. ನಮ್ಮ ಗ್ಯಾರೇಜಿನ ಹುಡುಗನಿಗೆ ಎಷ್ಟನೇ ತಾರೀಖು ಸಂಬಳ ಕೊಡುತ್ತೇವೆ? ನಮ್ಮಲ್ಲಿ ಬಾಡಿಗೆ ಮನೆ ಇರುವವರು, ಬೇರೆ ಮತದವನೋ ದಲಿತನೋ ಬಂದು ಕೇಳಿದಾಗ ‘ಈಗ ತಾನೇ ಅಡ್ವಾನ್ಸ್ ಬಂತು’ ಎಂದಿಲ್ಲವೇ? ಸೂರಃ ಅಲ್ ಮುತಫ್ಫಿಫೀನ್ ಎಚ್ಚರಿಸುವುದು ಇಂಥವರನ್ನೇ: ತಾವು ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಅಳೆಯುವವರನ್ನು. ನಮಗೆ ನ್ಯಾಯ ಕೇಳುವ ಹಕ್ಕಿದೆ. ಆ ಹಕ್ಕು ಗಟ್ಟಿಯಾಗುವುದು ನಮ್ಮ ಸೇರು ಸರಿಯಿದ್ದಾಗ.

ಕೊನೆಯದಾಗಿ ಒಂದು ವಿನಂತಿ. ಊರಿನಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಒಂದು ಹಲಗೆ ಹಾಕೋಣ. ಪಿಯುಸಿ ಓದುವ ಇಬ್ಬರು ಮಕ್ಕಳು ವಾರಕ್ಕೊಮ್ಮೆ ಪತ್ರಿಕೆಯ ಈ ಪುಟವನ್ನೂ ಸರ್ಕಾರಿ ಪ್ರಕಟಣೆಗಳನ್ನೂ ಓದಿ, ಕೊನೆಯ ದಿನಾಂಕ ಸಮೇತ ಅದರ ಮೇಲೆ ಬರೆಯಲಿ. ಮೈಸೂರು, ಬೆಂಗಳೂರಿನಲ್ಲಿ ಕೋಣೆ ಖಾಲಿ ಮಾಡುವ ನಮ್ಮ ಹುಡುಗರು ಮೊದಲು ಇಲ್ಲಿಗೆ ತಿಳಿಸಲಿ. ಹಲಗೆ ಜಾತಿ ಮತ ನೋಡದೆ ಊರಿನ ಎಲ್ಲ ಮಕ್ಕಳಿಗೂ ಇರಲಿ. ಶಿಫಾರಸು ಮಾಡುವ ಮಾವ ಇಲ್ಲದ ಮಗುವಿಗೆ ಆ ಹಲಗೆಯೇ ಮಾವನಾಗಲಿ.

 ಅಲ್ಲಾಹನು ನಮ್ಮ ಮಕ್ಕಳಿಗೆ ಹಲಾಲ್ ದುಡಿಮೆಯನ್ನೂ ನಮಗೆಲ್ಲ ಸರಿಯಾದ ಅಳತೆಯನ್ನೂ ಕರುಣಿಸಲಿ. ಆಮೀನ್. ವಸ್ಸಲಾಮ್.