ಕಿವಿಯೋಲೆಯ ಹನ್ನೆರಡು ಅಂಕಿ

(ಯಾದಗಿರಿ, ಶಹಾಪುರ, ಸುರಪುರ ಭಾಗದ ಹಾಲು ಉತ್ಪಾದಕರ ತರಬೇತಿಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



2019ರಲ್ಲಿ ಆರಂಭವಾದ ಇ-ಸಂಜೀವಿನಿಯ ಮೂಲಕ ದೂರದ ಡಾಕ್ಟರರು ಫೋನಿನಲ್ಲೇ ರೋಗಿಯನ್ನು ವಿಚಾರಿಸುತ್ತಾರೆ. ಅಂಥ ಬದಲಾವಣೆ ಈಗ ನಮ್ಮ ದನದ ಕೊಟ್ಟಿಗೆಗೂ ಬಂದಿದೆ. ಅದರಿಂದ ಲಾಭವೇನು, ಎಚ್ಚರ ಎಲ್ಲಿ ಬೇಕು ಎಂಬುದನ್ನು ನೋಡೋಣ.

ಮೊದಲನೆಯದು ಹಳದಿ ಕಿವಿಯೋಲೆ. ಅದರ ಮೇಲಿನ 12 ಅಂಕಿ ಆ ರಾಸಿನದೇ ಸಂಖ್ಯೆ, ಮತ್ತೊಂದಕ್ಕೆ ಇರುವುದಿಲ್ಲ. ಭಾರತ್ ಪಶುಧನ್ ಎಂಬ ಕಂಪ್ಯೂಟರ್ ದಾಖಲೆಯಲ್ಲಿ ಈ ಸಂಖ್ಯೆಯ ಮುಂದೆ ರಾಸಿನ ತಳಿ, ವಯಸ್ಸು, ಹಾಕಿದ ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆ ಎಲ್ಲವನ್ನೂ ಬರೆಯಲಾಗುತ್ತದೆ. ಕಿವಿ ಚುಚ್ಚಿದರೆ ಹಾಲು ಇಳಿಯುತ್ತದೆಂದು ಕೆಲವರು ಹಿಂಜರಿಯುತ್ತಾರೆ. ನೋವು ಕ್ಷಣಕಾಲದ್ದು. ಗಾಯ ಮಾಯುವವರೆಗೆ ನೊಣ ಕೂರದಂತೆ ಬೇವಿನೆಣ್ಣೆ ಹಚ್ಚಿದರೆ ಸಾಕು.

ಓಲೆಯ ಬೆಲೆ ಕಷ್ಟಕಾಲದಲ್ಲಿ ತಿಳಿಯುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವನ್ನು ರಾಜ್ಯ ಸರಕಾರ ಪ್ರಕಟಿಸಿತು. ಒಳ್ಳೆಯ ಮಿಶ್ರತಳಿ ಆಕಳನ್ನು ಆ ಹಣದಲ್ಲಿ ಮತ್ತೆ ಕೊಳ್ಳಲಾಗದು. ಆ ಕೊರತೆ ತುಂಬುವುದು ವಿಮೆ. ವಿಮೆ ನಿಂತಿರುವುದು ಓಲೆಯ ಮೇಲೆ. ಆದ್ದರಿಂದ ಓಲೆ ಬಿದ್ದುಹೋದರೆ ಕೂಡಲೇ ದವಾಖಾನೆಗೂ ವಿಮೆಯವರಿಗೂ ತಿಳಿಸಿ, ಹೊಸದನ್ನು ಹಾಕಿಸಿರಿ.

ಲಸಿಕೆಯ ಮಾತೂ ಹೀಗೆಯೇ. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಲಸಿಕೆ. ಕಂದುಹಾಕುವ ಬ್ರೂಸೆಲ್ಲೋಸಿಸ್ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಕರುವಿಗೆ ಜೀವಮಾನದಲ್ಲಿ ಒಂದೇ ಸಲ. ದಾಖಲೆ ಇದ್ದರೆ ಯಾವ ಕರು ತಪ್ಪಿತು ಎಂಬುದು ಗೊತ್ತಾಗುತ್ತದೆ. ಆದರೆ ಲಸಿಕೆ ಹಾಕದೆ ಹಾಕಿದೆ ಎಂದು ಬರೆದರೆ ಕಂಪ್ಯೂಟರ್ ಅದನ್ನೂ ನಂಬುತ್ತದೆ; ರೋಗ ನಂಬುವುದಿಲ್ಲ. ಆದಕಾರಣ ಲಸಿಕೆ ಹಾಕುವಾಗ ಮನೆಯವರೊಬ್ಬರು ಎದುರಿಗೆ ನಿಂತು ತಾರೀಖು ಬರೆದಿಟ್ಟುಕೊಳ್ಳಿರಿ.

ಎರಡನೆಯದು 1962. ಈ ನಂಬರಿಗೆ ಕರೆ ಉಚಿತ. ಸಂಚಾರಿ ಪಶುಚಿಕಿತ್ಸಾ ವಾಹನದಲ್ಲಿ ವೈದ್ಯರು ಔಷಧದೊಡನೆ ಊರಿಗೇ ಬರುತ್ತಾರೆ. ಕರೆ ಮಾಡುವಾಗ ಊರು, ಗುರುತಿನ ಜಾಗ, ಓಲೆ ಸಂಖ್ಯೆ, ಮೇವು ಬಿಟ್ಟದ್ದು ಯಾವಾಗ, ಈದು ಎಷ್ಟು ದಿನವಾಯಿತು ಎಂಬುದನ್ನು ಹೇಳಿರಿ. ಈದ ಎರಡು ಮೂರು ದಿನದೊಳಗೆ ಆಕಳು ಕುತ್ತಿಗೆ ಹೊರಳಿಸಿ ಮಲಗಿದರೆ ಅದು ಹಾಲುಜ್ವರವಿರಬಹುದು. ಹೊಟ್ಟೆ ಉಬ್ಬರವೂ ಅಷ್ಟೇ ಅವಸರದ್ದು. ಇವೆರಡರಲ್ಲೂ ಬೆಳಗಾಗಲೆಂದು ಕಾಯಬಾರದು. ವಾಹನ ಸಿಗದಿದ್ದರೆ ಹತ್ತಿರದ ವೈದ್ಯರನ್ನು ಕರೆಯಿರಿ.

ಇನ್ನು ಎಚ್ಚರದ ಮಾತು. ಕೆಚ್ಚಲಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿ, ಯಾರೋ ಹೇಳಿದ ಇಂಜೆಕ್ಷನ್ ತಂದು ಚುಚ್ಚುವುದು ಹೆಚ್ಚುತ್ತಿದೆ. ಕೆಚ್ಚಲು ಬಾವನ್ನು ಕೈಯಿಂದ ಮುಟ್ಟಿ, ಹಾಲು ಪರೀಕ್ಷಿಸಿಯೇ ತಿಳಿಯಬೇಕು. ತಪ್ಪು ಔಷಧದಿಂದ ಮೊಲೆ ಕೆಡುತ್ತದೆ. ಆಂಟಿಬಯೋಟಿಕ್ ಅಂಶವಿರುವ ಒಬ್ಬರ ಹಾಲು ಸಂಘದ ಕ್ಯಾನಿಗೆ ಸೇರಿದರೆ ಎಲ್ಲರ ಹಾಲೂ ಕೆಟ್ಟಂತೆ. ಅದನ್ನು ಕುಡಿಯುವವರು ನಮ್ಮ ಮಕ್ಕಳೇ. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿರಿ, ಮನೆಯಲ್ಲೂ ಬಳಸಬೇಡಿರಿ.

ಕೊನೆಯದಾಗಿ, ದನ ನೋಡಿಕೊಳ್ಳುವವರು ಹೆಚ್ಚಾಗಿ ತಾಯಂದಿರು. ದಾಖಲೆಯಲ್ಲಿರುವ ಮೊಬೈಲ್ ಮಾತ್ರ ದುಡಿಯಲು ಬೆಂಗಳೂರಿಗೋ ಪುಣೆಗೋ ಹೋದ ಮಗನ ಜೇಬಿನಲ್ಲಿರುತ್ತದೆ. ಸಂದೇಶ ಅಲ್ಲಿಗೆ ಹೋದರೆ ಇಲ್ಲಿನ ಆಕಳಿಗೇನು ಉಪಯೋಗ? ಮನೆಯಲ್ಲೇ ಇರುವ ಫೋನಿನ ನಂಬರು ಬರೆಯಿಸಿರಿ. ಆಕಳನ್ನು ಮಾರಿದಾಗ, ಕೊಂಡಾಗ ಮಾಲೀಕರ ಹೆಸರು ಬದಲಾಯಿಸಿರಿ.

ಬೆದೆ ಗುರುತಿಸುವುದು, ಮೇವು ಬಿಟ್ಟದ್ದನ್ನು ಮೊದಲು ಕಾಣುವುದು ಇಂದಿಗೂ ನಿಮ್ಮ ಕಣ್ಣೇ. ಆ ಕಣ್ಣು ಕಂಡದ್ದನ್ನು ವೈದ್ಯರಿಗೆ ಬೇಗ ಮುಟ್ಟಿಸಲು ಈ ಯಂತ್ರಗಳನ್ನು ಬಳಸಿರಿ.