ಅನ್ಯಮತದವರಲ್ಲಿ ಕ್ರೈಸ್ತರ ಸಹಿಷ್ಣುತೆ
(ಬೊಮ್ಮಸಂದ್ರದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠದ ಮಹೋತ್ಸವದ ಕಾಲದಲ್ಲಿ ಸ್ವಮತದ ಹಿರಿಮೆಯನ್ನು ಕೊಂಡಾಡುವುದು ಸಹಜವಾದುದು. ಆದರೆ ಒಂದು ಮತದ ಸತ್ತ್ವವು ಅದರ ಅನುಯಾಯಿಗಳು ತಮ್ಮವರಲ್ಲದವರೊಡನೆ ನಡೆದುಕೊಳ್ಳುವ ರೀತಿಯಿಂದಲೇ ಚೆನ್ನಾಗಿ ತಿಳಿದುಬರುವುದು. ಬೊಮ್ಮಸಂದ್ರದಲ್ಲಿ ಇದು ಕೇವಲ ಪುಸ್ತಕದ ವಿಚಾರವಲ್ಲ. ಆನೇಕಲ್ಲು ತಾಲ್ಲೂಕಿನ ಈ ಊರಿನಲ್ಲಿ, ಹೊಸೂರು ರಸ್ತೆಯ ಬದಿಗೆ ಕಾರ್ಖಾನೆಗಳು ಎದ್ದ ಮೇಲೆ, ನಾನಾ ಪ್ರಾಂತಗಳಿಂದ ಜೀವನೋಪಾಯಕ್ಕಾಗಿ ಬಂದವರು ಒಂದೇ ವಠಾರದಲ್ಲಿ ವಾಸವಾಗಿದ್ದಾರೆ. ಒಂದು ಮನೆಯಲ್ಲಿ ಇಷ್ಟಲಿಂಗದ ಪೂಜೆ ನಡೆಯುವಾಗ ಗೋಡೆಯಾಚೆಯ ಮನೆಯಲ್ಲಿ ಯೇಸುವಿನ ಪ್ರಾರ್ಥನೆ ನಡೆಯುವುದುಂಟು. ಗೋಡೆಯ ಆ ಬದಿಯವನು ಈ ಬದಿಯವನನ್ನು ಏನೆಂದು ಕಾಣುತ್ತಾನೆ, ಈ ಬದಿಯವನು ಆತನನ್ನು ಏನೆಂದು ಕಾಣಬೇಕು ಎಂಬುದೇ ಇಂದಿನ ವಿಚಾರ.

ಮೊದಲು ಕ್ರೈಸ್ತರ ಶಾಸ್ತ್ರವನ್ನೇ ನೋಡಬಹುದು. ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಯೇಸುವಿನ ಹೆಸರನ್ನು ಹೇಳಿ ದೆವ್ವ ಬಿಡಿಸುತ್ತಿದ್ದ ಒಬ್ಬನನ್ನು, ಆತನು ತಮ್ಮ ಗುಂಪಿನವನಲ್ಲವೆಂಬ ಕಾರಣಕ್ಕಾಗಿ ತಡೆದೆವೆಂದು ಶಿಷ್ಯನಾದ ಯೋಹಾನನು ಗುರುವಿಗೆ ತಿಳಿಸಿದನು. ಗುರುವು ಮೆಚ್ಚಲಿಲ್ಲ; ತಡೆಯಬೇಡಿರೆಂದು ಬೋಧಿಸಿದನು. ಲೂಕನ ಸುವಾರ್ತೆಯಲ್ಲಿ, ಕಳ್ಳರಿಂದ ಪೆಟ್ಟುತಿಂದು ದಾರಿಯಲ್ಲಿ ಬಿದ್ದವನನ್ನು ಸ್ವಮತದ ಯಾಜಕನು ಕಂಡೂ ಕಾಣದಂತೆ ಹೋದನೆಂದೂ, ಯೆಹೂದ್ಯರು ಹೀನವಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬನು ಆತನನ್ನು ಎತ್ತಿ ಉಪಚರಿಸಿದನೆಂದೂ ಯೇಸು ಹೇಳಿದ ದೃಷ್ಟಾಂತವಿದೆ. ಆದುದರಿಂದ ಪರಮತದವನನ್ನು ಗೌರವಿಸುವ ಕ್ರೈಸ್ತನು ತನ್ನ ಧರ್ಮವನ್ನು ಸಡಿಲಿಸಿದವನಲ್ಲ, ಪಾಲಿಸಿದವನು.

ಶಾಸ್ತ್ರದಲ್ಲಿದ್ದುದೆಲ್ಲ ಆಚರಣೆಯಲ್ಲಿ ಇತ್ತೆಂದು ಹೇಳಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡನಾಡಿಗೆ ಬಂದ ಪಾದ್ರಿಗಳು ಸ್ವಮತಪ್ರಚಾರಕ್ಕಾಗಿಯೇ ಬಂದವರು. ಈ ನಾಡಿನ ದೇವರನ್ನೂ ಆಚಾರಗಳನ್ನೂ ಖಂಡಿಸಿ ಬರೆದವರೂ ಅವರಲ್ಲಿ ಇದ್ದರು. ಅದನ್ನು ಮರೆಮಾಚಿದರೆ ಸತ್ಯಕ್ಕೆ ಅಪಚಾರವಾಗುವುದು. ಆದರೆ ಅವರಲ್ಲಿಯೇ ಕೆಲವರು ಪರಮತದ ಗ್ರಂಥಗಳನ್ನು ಶ್ರದ್ಧೆಯಿಂದ ಓದಿದರೆಂಬುದೂ ಅಷ್ಟೇ ಸತ್ಯ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂಬವರು, 1848ರಿಂದ ಮುಂದಕ್ಕೆ ಪ್ರಕಟಿಸಿದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳು ಮುಂತಾದವುಗಳ ಜೊತೆಗೆ ಬಸವಪುರಾಣವನ್ನೂ ಅಚ್ಚು ಮಾಡಿಸಿದರು. ಫರ್ಡಿನಂಡ್ ಕಿಟ್ಟೆಲ್‌ರವರು 1853ರಲ್ಲಿ ಈ ದೇಶಕ್ಕೆ ಬಂದು, ಬಹುವರ್ಷಗಳ ದುಡಿಮೆಯ ತರುವಾಯ 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ಅದರಲ್ಲಿ ಶಬ್ದಾರ್ಥಗಳಿಗೆ ಆಧಾರವಾಗಿ ಬಸವಪುರಾಣ, ಷಡಕ್ಷರದೇವನ ರಾಜಶೇಖರವಿಳಾಸ ಮುಂತಾದ ವೀರಶೈವ ಕೃತಿಗಳನ್ನೂ ಎತ್ತಿಕೊಂಡಿದ್ದಾರೆ. ಖಂಡಿಸುವುದಕ್ಕೂ ತಿಳಿದುಕೊಳ್ಳುವುದಕ್ಕೂ ಓದು ಬೇಕು. ಆದರೆ ತಿಳಿದುಕೊಳ್ಳುವೆನೆಂದು ಓದಿದವನಲ್ಲಿ ಪ್ರೀತಿ ಹುಟ್ಟದೆ ಇರದು.

ಈ ಪ್ರೀತಿಯು ಪೂರ್ಣವಾಗಿ ಫಲಿಸಿದುದು ಕನ್ನಡದ ಮಣ್ಣಿನಲ್ಲಿಯೇ ಹುಟ್ಟಿದ ಕ್ರೈಸ್ತರೊಬ್ಬರಲ್ಲಿ. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿ, ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿ ದುಡಿದು, 1962ರಲ್ಲಿ ದೈವಾಧೀನರಾದರು. ಜೀವಿತದ ಕೊನೆಯವರೆಗೂ ಅವರು ಕ್ರಿಸ್ತನ ಭಕ್ತರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರ ಒಂದು ಗ್ರಂಥದ ಹೆಸರು. ವಿನಂತಿಯೆಂಬ ಆ ಶಬ್ದವನ್ನು ಗಮನಿಸಬೇಕು. ಆಜ್ಞೆ ಮಾಡುವವನು ಎತ್ತರದಲ್ಲಿ ನಿಲ್ಲುವನು. ವಿನಂತಿ ಮಾಡುವವನು ಎದುರಿನವನ ಬಾಗಿಲಲ್ಲಿ ತಲೆಬಾಗಿ ನಿಲ್ಲುವನು.

ಅದೇ ಪಾದ್ರಿಗಳು ಸರ್ವಜ್ಞನ ತ್ರಿಪದಿಗಳಿಗಾಗಿ ಹಳ್ಳಿಹಳ್ಳಿಗಳಲ್ಲಿ ತಿರುಗಿದರು. ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಅವನ್ನು ಕೂಡಿಹಾಕಿ, ಶೋಧಿಸಿ, ‘ಸರ್ವಜ್ಞನ ವಚನಗಳು’ ಎಂಬ ಗ್ರಂಥವನ್ನು 1924ರಲ್ಲಿ ಪ್ರಕಟಿಸಿದರು. ಶಿವನನ್ನು ನೆನೆಯುವ ಕವಿಯ ಮಾತುಗಳು ಶಿಲುಬೆಯನ್ನು ನೆನೆಯುವವರ ಕೈಯಿಂದ ಉಳಿದುಬಂದವು! ತರುವಾಯ ಅವರ ದೃಷ್ಟಿಯು ಶರಣರ ಕಡೆಗೆ ತಿರುಗಿತು. ಕಾಶ್ಮೀರದ ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆ ಮಾರಿ ಜಂಗಮದಾಸೋಹ ನಡೆಸಿದನೆಂದು ಪ್ರಸಿದ್ಧನಾದ ಮೋಳಿಗೆಯ ಮಾರಯ್ಯನ ಮತ್ತು ಆತನ ಸತಿ ಮಹಾದೇವಿಯ ವಚನಗಳನ್ನು ಅವರು ಸಂಪಾದಿಸಿದರು. ಅನುಭವಮಂಟಪವು ಕವಿಕಲ್ಪನೆಯೇ ಹೊರತು ಚರಿತ್ರೆಯಲ್ಲವೆಂದು ಕೆಲವರು ವಾದಿಸಿದಾಗ, ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಗ್ರಂಥವನ್ನು ಬರೆದು ಮಂಟಪದ ಪಕ್ಷವನ್ನು ಸಮರ್ಥಿಸಿದವರೂ ಈ ಪಾದ್ರಿಗಳೇ. ಲಿಂಗವಂತರ ಮಾತನ್ನು ಲಿಂಗವಂತರೇ ಸಮರ್ಥಿಸಿದರೆ ಅದು ಅಭಿಮಾನವೆನಿಸೀತು. ಅನ್ಯರು ಸಮರ್ಥಿಸಿದಾಗ ಅದಕ್ಕೆ ಸಾಕ್ಷಿಯ ಬೆಲೆ ಬರುವುದು. 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕನ್ನಡಿಗರು ಅವರನ್ನು ಕುಳ್ಳಿರಿಸಿದರು. ಅವರ ಮತವು ಯಾವುದೆಂಬುದು ಆ ಗೌರವಕ್ಕೆ ಅಡ್ಡಬರಲಿಲ್ಲ.

ಇದರಿಂದ ತಿಳಿಯಬೇಕಾದುದೇನು? ಸಹಿಷ್ಣುತೆಯೆಂದು ಲೋಕವು ಕರೆಯುವುದರಲ್ಲಿ ಎರಡು ಬಗೆಗಳಿವೆ. ಎಲ್ಲ ಮತಗಳೂ ಒಂದೇ ಎಂದು ಹೇಳಿ ಯಾವುದನ್ನೂ ಆಳವಾಗಿ ಅನುಸರಿಸದಿರುವುದು ಒಂದು. ಅದು ಔದಾಸೀನ್ಯ, ಅದರಿಂದ ಯಾರಿಗೂ ಉಪಕಾರವಿಲ್ಲ. ಸ್ವಮತದಲ್ಲಿ ನಿಷ್ಠೆಯಿಂದ ಬೇರೂರಿ, ನೆರೆಯವನ ನಿಷ್ಠೆಯೂ ಅಷ್ಟೇ ಬೆಲೆಯುಳ್ಳದ್ದೆಂದು ಬಗೆದು, ಆತನ ಧನವನ್ನು ಆತನಿಗಾಗಿ ಕಾಪಾಡಿಕೊಡುವುದು ಮತ್ತೊಂದು. ಉತ್ತಂಗಿಯವರದು ಈ ಎರಡನೆಯದು. ಅವರು ಲಿಂಗವನ್ನು ಧರಿಸಲಿಲ್ಲ. ಲಿಂಗವಂತರೂ ಅವರಿಂದ ಅದನ್ನು ಬಯಸಲಿಲ್ಲ. ಆದರೂ ಶರಣಸಾಹಿತ್ಯವನ್ನು ಓದುವವರೆಲ್ಲರೂ ಅವರಿಗೆ ಋಣಿಗಳು.

ಋಣವಿದ್ದಲ್ಲಿ ಸಂದಾಯವೂ ಇರಬೇಕು. ಬಂದವನನ್ನು ಅನ್ಯನೆಂದು ಎಣಿಸದೆ ಮನೆಯವನೆಂದೇ ಕಾಣಬೇಕೆಂದು ಬಸವಣ್ಣನವರು ಬೋಧಿಸಿದರು. ಆ ಬೋಧೆಯು ಸ್ವಮತದ ಬಾಗಿಲಲ್ಲಿಯೇ ನಿಂತುಹೋದರೆ ಅದರ ಅರ್ಧವೇ ಲೋಪವಾಯಿತು. ಕ್ರೈಸ್ತರೊಬ್ಬರು ಮೋಳಿಗೆಯ ಮಾರಯ್ಯನ ವಚನಗಳಿಗಾಗಿ ದುಡಿದಿರುವಾಗ, ಲಿಂಗವಂತನೊಬ್ಬನು ಯೇಸುವಿನ ಗಿರಿಪ್ರವಚನವನ್ನು ಒಮ್ಮೆಯಾದರೂ ಓದಿರುವನೇ? ನೆರೆಮನೆಯ ಕ್ರೈಸ್ತನಿಗೆ ಕಷ್ಟ ಬಂದಾಗ ಮೊದಲು ಬಾಗಿಲು ತಟ್ಟಿದವನು ಲಿಂಗವಂತನೇ? ಈ ಎರಡು ಪ್ರಶ್ನೆಗಳನ್ನು ಪ್ರತಿಯೊಬ್ಬ ಭಕ್ತನೂ ತನ್ನ ಮನಸ್ಸಿನಲ್ಲಿಯೇ ಕೇಳಿಕೊಳ್ಳತಕ್ಕದ್ದು.

‘ಸಂದ್ರ’ವೆಂದರೆ ಸಮುದ್ರ, ಅಂದರೆ ಹಿರಿಯ ಕೆರೆ. ಕೆರೆಯು ತನ್ನ ಏರಿಯನ್ನು ಭದ್ರವಾಗಿ ಇಟ್ಟುಕೊಂಡೇ ಬರುವ ಕಾಲುವೆಗಳನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುವುದು. ಏರಿಯೊಡೆದರೆ ನೀರು ನಿಲ್ಲದು. ಕಾಲುವೆ ಕಟ್ಟಿದರೆ ನೀರು ಬಾರದು. ಸ್ವಮತದಲ್ಲಿ ಭದ್ರತೆಯೂ ಪರಮತದಲ್ಲಿ ಆದರವೂ ಈ ಊರಿನ ಭಕ್ತರಲ್ಲಿ ಕೂಡಿ ಬೆಳೆಯಲಿ.