ರಾತ್ರಿ ಉಳಿದ ಅನ್ನ



ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡ್ತೀವಿ. ಬಿಸಿ ಮಾಡಿದ್ರೆ ಕ್ರಿಮಿ ಎಲ್ಲ ಸಾಯುತ್ತೆ ಅಂತ ನಂಬಿದ್ದೀವಿ. ಇದು ಪೂರ್ತಿ ನಿಜವಲ್ಲ.

1971ರ ನಂತರ ಇಂಗ್ಲೆಂಡಿನಲ್ಲಿ ಚೀನೀ ಹೋಟೆಲುಗಳ ಹುರಿದ ಅನ್ನ ತಿಂದ ಹಲವರಿಗೆ ವಾಂತಿ ಆಯಿತು. ವಿಜ್ಞಾನಿಗಳು ಕಾರಣ ಹುಡುಕಿದರು. ಅಲ್ಲಿ ಅನ್ನ ಬೇಯಿಸಿ ರಾತ್ರಿಯಿಡೀ ಹೊರಗೇ ಬಿಡುತ್ತಿದ್ದರು. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಂಟು ಕಟ್ಟುತ್ತೆ, ಹುರಿಯೋಕೆ ಬರಲ್ಲ ಅಂತ.

ಆ ಕ್ರಿಮಿಯ ಹೆಸರು ಬ್ಯಾಸಿಲಸ್ ಸೀರಿಯಸ್. ಹೆಸರು ಮರೆತರೂ ಚಿಂತೆಯಿಲ್ಲ, ಗುಣ ನೆನಪಿರಲಿ. ಇದು ಮಣ್ಣಿನಲ್ಲಿರುತ್ತೆ. ಅಕ್ಕಿಯ ಜೊತೆ ಮನೆಗೆ ಬರುತ್ತೆ. ಗಟ್ಟಿ ಕವಚ ಕಟ್ಟಿಕೊಂಡು ಬೀಜದ ಹಾಗೆ ಮಲಗಿರುತ್ತೆ. ಇದನ್ನು ಬೀಜಕಣ ಅಂತಾರೆ. ಅನ್ನ ಕುದಿದರೂ ಬೀಜಕಣ ಉಳಿಯುತ್ತೆ. ಅನ್ನ ಉಗುರು ಬೆಚ್ಚಗಾದಾಗ ಮೊಳೆಯುತ್ತೆ, ಹೆಚ್ಚುತ್ತೆ, ವಿಷ ಬಿಡುತ್ತೆ. ಒಗ್ಗರಣೆಯ ಬಿಸಿಗೆ ಆ ವಿಷ ಹೋಗೋದಿಲ್ಲ. ಹಳಸಿದ ವಾಸನೆಯೂ ಬರದೇ ಇರಬಹುದು! ತಿಂದ 6 ಗಂಟೆಯೊಳಗೆ ವಾಂತಿ ಶುರು.

ಫ್ರಿಜ್ ಇದ್ದವರು ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಒಂದು ಗಂಟೆಯೊಳಗೆ ಒಳಗಿಡಬೇಕು. ಫ್ರಿಜ್ ಇಲ್ಲದವರು? ರಾತ್ರಿಗೆ ಬೇಕಾದಷ್ಟೇ ಅಕ್ಕಿ ಅಳೆದು ಹಾಕಬೇಕು. ಅನ್ನ ಚೆಲ್ಲೋಕೆ ನಮಗ್ಯಾರಿಗೂ ಮನಸ್ಸು ಬರಲ್ಲ. ಚಿತ್ರಾನ್ನಕ್ಕೆ ಬೆಳಿಗ್ಗೆಯೇ ಒಂದು ಪಾವು ಅಕ್ಕಿ ಬೇಯಿಸೋಣ.